ಮುನಿಯಕ್ಕನ ಸಾಲಿನಲ್ಲಿ ನಾನೆಳೆದ ಎರಡು ಗೀಟು

ಇಲಾಖೆಗೆ ಹೊಸದಾಗಿ ಸೇರಿದವರು ಆಗೊಮ್ಮೆ ಈಗೊಮ್ಮೆ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿದು, ಕನ್ನಡಕ ಒರೆಸಿಕೊಂಡು, "ಸಾರ್, ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು, ಸ್ವಲ್ಪ ಹೇಳಿ" ಎನ್ನುತ್ತಾರೆ. ಅವರಿಗೆ ಬೇಕಾಗಿರುವುದು ಬಡ್ತಿ ಬೇಗ ಸಿಗುವ ದಾರಿ. ನನಗೆ ಬಡ್ತಿ ಎರಡು ಸಲ ಸಿಕ್ಕಿತು, ಎರಡು ಸಲವೂ ಯಾಕೆ ಸಿಕ್ಕಿತೋ ನನಗೇ ಗೊತ್ತಿಲ್ಲ. ನನಗೆ ಗೊತ್ತಿರುವುದು ಬೇರೆ. ಅದನ್ನು ಬಾಯಲ್ಲಿ ಹೇಳಲಾರೆ, ಆದ್ದರಿಂದ ಬರೆಯುತ್ತಿದ್ದೇನೆ.

ಚಿನ್ನದ ಗಣಿ ಸೀಮೆಯ ಒಂದು ಸಣ್ಣ ಕಚೇರಿಯಲ್ಲಿ ನಾನು ವಿದೇಶಿಯರ ರಿಜಿಸ್ಟರ್ ಬರೆಯುವ ಗುಮಾಸ್ತನಾಗಿದ್ದೆ. ಒಂದು ಮೊಳ ಅಗಲದ ಪುಸ್ತಕ. ಎಡಗಡೆಯಿಂದ ಬಲಗಡೆಗೆ ಕಾಲಂಗಳು: ಹೆಸರು, ಯಾವ ದೇಶದವರು, ಯಾವ ಹಡಗಿನಲ್ಲಿ ಬಂದರು, ಯಾವ ಬಂದರಿನಲ್ಲಿ ಇಳಿದರು, ಯಾವತ್ತು ಇಳಿದರು, ಏನು ಕೆಲಸ, ಎಲ್ಲಿ ವಾಸ, ಕೊನೆಗೆ ಯಾವತ್ತು ಎಲ್ಲಿಗೆ ಹೊರಟರು. ಗಣಿಗೆ ಇಂಗ್ಲಿಷರಲ್ಲದೆ ಇಟಲಿಯವರೂ ಬರುತ್ತಿದ್ದರು. ಬಂದವರನ್ನು ಬರೆದುಕೊಳ್ಳುವುದು, ಹೋದವರ ಕೊನೆಯ ಕಾಲಂ ತುಂಬುವುದು, ಇಷ್ಟೇ ನನ್ನ ಕೆಲಸ. ಊರಿನಲ್ಲಿ ಮಾತ್ರ ನಮ್ಮಮ್ಮ, "ನನ್ನ ಮಗ ದೊರೆಗಳ ಹೆಸರು ಬರೀತಾನೆ" ಎಂದು ಬಾವಿಕಟ್ಟೆಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಳು.

ನನಗೆ ಕೆಲಸ ಕಲಿಸಿದವರು ಒಬ್ಬ ಇನ್‌ಸ್ಪೆಕ್ಟರು. ಅವರಿಗೆ ನಾವು ಇಟ್ಟಿದ್ದ ಹೆಸರು ಭರ್ತಿ ಸಾಹೇಬರು. ರಿಜಿಸ್ಟರಿನಲ್ಲಿ ಒಂದು ಕಾಲಂ ಖಾಲಿ ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. "ಖಾಲಿ ಬಿಟ್ಟ ಜಾಗದಲ್ಲಿ ನಾಳೆ ಯಾವನಾದರೂ ಏನಾದರೂ ತುರುಕ್ತಾನೆ ಕಣ್ರೀ. ಭರ್ತಿ ಮಾಡಿ!" ಎನ್ನುವರು. ಭರ್ತಿಯಾಗಿದ್ದರೆ ಸಾಕು, ಏನು ಭರ್ತಿಯಾಗಿದೆ ಎಂದು ಅವರು ಓದುತ್ತಿರಲಿಲ್ಲ. ನಾನು ಸೇರಿದ ಹೊಸದರಲ್ಲಿ ಒಬ್ಬ ಮುದುಕ ಗಾರೆ ಕೆಲಸದವನ ಹಳ್ಳಿಯ ಹೆಸರನ್ನೇ ದೇಶದ ಕಾಲಮ್ಮಿನಲ್ಲಿ ಬರೆದುಬಿಟ್ಟಿದ್ದೆ. ಮೂರು ವರ್ಷ ಆ ಹಳ್ಳಿ ನಮ್ಮ ಕಚೇರಿಯ ಮಟ್ಟಿಗೆ ಒಂದು ದೇಶವಾಗಿತ್ತು. ವರ್ಷಕ್ಕೆರಡು ಸಲ ತಪಾಸಣೆ ನಡೆದು, ಪುಟದ ಕೆಳಗೆ 'ಸರಿಯಿದೆ' ಎಂದು ರುಜು ಬೀಳುತ್ತಿತ್ತು.

ಹೆಂಡತಿಯರ ವಿಷಯಕ್ಕೆ ಒಂದು ರೂಢಿಯಿತ್ತು. ಗಂಡನನ್ನು ಒಂದು ಸಾಲಿನಲ್ಲಿ ಪೂರ್ತಿ ಬರೆಯುವುದು. ಅದರ ಕೆಳಗಿನ ಸಾಲಿನಲ್ಲಿ ಹೆಂಡತಿಯ ಹೆಸರು ಬರೆದು, ಮಿಕ್ಕ ಕಾಲಂಗಳಿಗೆಲ್ಲ ಎರಡೆರಡು ಸಣ್ಣ ಗೀಟು. ಎಂದರೆ, ಮೇಲಿನಂತೆಯೇ. ಗಂಡನ ದೇಶವೇ ಹೆಂಡತಿಯ ದೇಶ ಎಂದು ಕಾನೂನೂ ಹೇಳುತ್ತಿತ್ತು, ಜೊತೆಯಲ್ಲಿ ಬಂದ ದಂಪತಿಗಳಿಗೆ ಹಡಗೂ ಒಂದೇ. ಕೈಗೆ ಅಭ್ಯಾಸವಾದ ಮೇಲೆ ಹೆಂಗಸಿನ ಮುಖ ನೋಡುವ ಅಗತ್ಯವೂ ಇರಲಿಲ್ಲ, ಸರಸರ ಎಂದು ಗೀಟು ಎಳೆದುಕೊಂಡು ಹೋಗುವುದು.

ಮುನಿಯಕ್ಕ ನಮ್ಮೂರಿನವಳು. ನಮ್ಮೂರು ಬಂಗಾರಪೇಟೆಗೆ ಎರಡು ಮೈಲಿ. ಸ್ಟೇಷನ್ ಬೋರ್ಡಿನಲ್ಲಿ ಆಗ ಬೌರಿಂಗ್‌ಪೇಟೆ ಎಂದಿತ್ತು, ನಮ್ಮ ಬಾಯಲ್ಲಿ ಬಂಗಾರಪೇಟೆಯೇ. ಅವಳ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ನನಗಿಂತ ಹತ್ತು ವರ್ಷ ದೊಡ್ಡವಳು, ನಾನು ನಡೆಯಲು ಕಲಿತದ್ದೇ ಅವಳ ಸೊಂಟದಿಂದ ಇಳಿದು. ಮದುವೆಯಾದ ವರ್ಷವೇ ಗಂಡ ತೀರಿಕೊಂಡು ಅಪ್ಪನ ಮನೆಗೆ ಬಂದಳು. ಎರಡು ಎಮ್ಮೆ ಕಟ್ಟಿಕೊಂಡು, ಬೆಳಗಿನ ರೈಲಿನಲ್ಲಿ ಹಾಲು ತೆಗೆದುಕೊಂಡು ಹೋಗಿ ನಂದಿದುರ್ಗ ಗಣಿಯ ಲೈನುಮನೆಗಳಲ್ಲಿ ಮಾರುವಳು. ಅಲ್ಲಿ ಗಣಿಯೊಳಗೆ ಮರದ ಆಸರೆ ನಿಲ್ಲಿಸುವ ಕೆಲಸದ ಒಬ್ಬ ಇಟಲಿಯವನಿದ್ದ, ಹೆಸರು ಪಿಯೆತ್ರೊ. ನಮ್ಮ ಜನ ಅವನನ್ನು ಪೇತ್ರಪ್ಪ ಮಾಡಿದರು. ಮೊದಲು ಅವನ ಮನೆಗೆ ಹಾಲು ಹಾಕಿದಳು, ಆಮೇಲೆ ಅಡಿಗೆ ಮಾಡಿದಳು, ಆಮೇಲೆ ಅಲ್ಲೇ ಉಳಿದಳು.

ಊರಿನವರು ಬಾಯಿಗೆ ಬಂದಂತೆ ಆಡಿಕೊಂಡರು. ಅವಳ ಅಪ್ಪ ಮುನಿಶಾಮಪ್ಪ ಮಾತ್ರ, "ನನ್ನ ಮಗಳ ಒಟ್ಟೆ ತುಂಬ್ತದಲ್ಲ, ನಿಮಗೇನ್ ಕಷ್ಟ?" ಎಂದು ಸುಮ್ಮನಾದ. ಸಾಯುವಾಗ ಗಂಡು ಮಕ್ಕಳಿಲ್ಲದ ಆ ಮುದುಕ ಕೆರೆ ಕೆಳಗಿನ ಒಂದು ಎಕರೆ ಹೊಲ, ಬಾವಿ, ಮನೆ ಎಲ್ಲವನ್ನೂ ಅವಳಿಗೇ ಬಿಟ್ಟ. ಬಾಯಲ್ಲಿ ಬಿಟ್ಟ, ಕಾಗದದಲ್ಲಿ ಅಲ್ಲ. ವಾರಕ್ಕೆ ಎರಡು ದಿನ ಅವಳು ಊರಿಗೆ ಬಂದು ರಾಗಿ, ಅವರೆ ನೋಡಿಕೊಳ್ಳುತ್ತಿದ್ದಳು. ಭಾನುವಾರಗಳಲ್ಲಿ ಪೇತ್ರಪ್ಪನೂ ಬಂದು ಬಾವಿಯ ರಾಟೆ ಸರಿಮಾಡುತ್ತಿದ್ದ. ಹದಿನಾಲ್ಕು ವರ್ಷ ಹೀಗೇ ನಡೆಯಿತು.

ಇನ್ನು ನನ್ನ ಉಪಕಾರಬುದ್ಧಿಯ ಕಥೆ. ಒಂದು ದಿನ ನಮ್ಮ ಕಚೇರಿಯ ಪಕ್ಕದ ಕೋಣೆಗೆ, ಗಣಿ ಅಪಘಾತದ ಪರಿಹಾರ ಕೇಳಲು, ಒಬ್ಬ ಹೆಂಗಸು ಬಂದಳು. ಅವಳ ಜೊತೆಗಿದ್ದವನು ಗಣಿಯೊಳಗೆ ಬಂಡೆ ಸಿಡಿದು ಸತ್ತಿದ್ದ. ಇಪ್ಪತ್ತು ವರ್ಷ ಸಂಸಾರ ಮಾಡಿದ್ದಳು, ಮದುವೆಯ ಕಾಗದ ಇರಲಿಲ್ಲ. ಪರಿಹಾರ ಇಲ್ಲ ಎಂದರು, ಕಂಪನಿಯ ಮನೆಯನ್ನೂ ಬಿಡು ಎಂದರು. ಅವಳು ಅಳಲಿಲ್ಲ, ವರಾಂಡದಲ್ಲಿ ಸಂಜೆಯವರೆಗೆ ಕೂತಿದ್ದು ಎದ್ದುಹೋದಳು. ನನಗೆ ಮುನಿಯಕ್ಕನ ನೆನಪಾಯಿತು. ಮುಂದಿನ ಭಾನುವಾರ ಊರಿಗೆ ಹೋದಾಗ ಅವಳನ್ನು ಹಿಡಿದುಕೊಂಡೆ.

"ಅಕ್ಕಾ, ಮದುವೆ ಕಾಗದ ಮಾಡಿಸ್ಕೊ. ನಾಳೆ ಅವನಿಗೇನಾದ್ರೂ ಆದ್ರೆ ನಿನ್ನ ಗತಿಯೇನು?"

"ಲೇ ನಾರಾಣಿ, ಈ ವಯಸ್ನಾಗೆ ನಂಗ್ಯಾಕ್ಲಾ ಮದ್ವೆ? ಅವ್ನೇನ್ ಓಡೋಗ್ತಾನಾ?"

"ಓಡಿಹೋಗೋದಲ್ಲ ಅಕ್ಕಾ. ಗಣಿ ಕೆಲಸ. ಸರ್ಕಾರ ಕಾಗದ ಕೇಳ್ತದೆ, ಮುಖ ಕೇಳಲ್ಲ."

ಈ ಮಾತು ನಾನೇ ಆಡಿದ್ದು. ಮೂರು ವಾರ ಬಿಡದೆ ಪೀಡಿಸಿದೆ. ಕೊನೆಗೆ ಪಾದ್ರಿಯೊಬ್ಬರು ಅವಳ ತಲೆಗೆ ನೀರು ಹಾಕಿ ಮರಿಯಾ ಎಂದು ಹೆಸರಿಟ್ಟು ಮದುವೆ ಮಾಡಿಸಿದರು. ಮಾರನೆಯ ದಿನ ಗಂಡ ಹೆಂಡಿರಿಬ್ಬರೂ ಸರ್ಟಿಫಿಕೇಟು ಹಿಡಿದು ನನ್ನ ಮೇಜಿಗೆ ಬಂದರು. ಮುನಿಯಕ್ಕ ಸೆರಗಿನಲ್ಲಿ ಹುರಿದ ಕಡಲೆಕಾಯಿ ಕಟ್ಟಿಕೊಂಡು ಬಂದಿದ್ದಳು. ಅದನ್ನು ರಿಜಿಸ್ಟರಿನ ಪಕ್ಕದಲ್ಲಿ ಸುರಿದು, "ಬರ್ಯೋ, ಬರ್ಯೋ. ನನ್ನೆಸ್ರು ಎಂಗ್ ಕಾಣ್ತದೆ ನೋಡಾಣ" ಎಂದಳು.

ಪೇತ್ರಪ್ಪನ ಸಾಲಿನ ಕೆಳಗೆ 'ಮರಿಯಾ ಮುನಿಯಮ್ಮ, ಹೆಂಡತಿ' ಎಂದು ಬರೆದೆ. ಒಂದು ಕೈಯಲ್ಲಿ ಕಡಲೆಕಾಯಿ ಸುಲಿಯುತ್ತ, ಬಾಯಲ್ಲಿ ಊರಿನ ಸುದ್ದಿ ಆಡುತ್ತ, ಬಲಗೈಯಲ್ಲಿ ಗೀಟು ಎಳೆದೆ. ದೇಶ, ಎರಡು ಗೀಟು. ಹಡಗು, ಎರಡು ಗೀಟು. ಇಳಿದ ಬಂದರು, ಎರಡು ಗೀಟು. ಇಳಿದ ದಿನ, ಎರಡು ಗೀಟು. ಭರ್ತಿ ಸಾಹೇಬರು ಅದೇ ಹೊತ್ತಿಗೆ ಬಂದು ಪುಟ ನೋಡಿ, "ಅಚ್ಚುಕಟ್ಟಾಗಿದೆ" ಎಂದು ನಾಲ್ಕು ಕಡಲೆಕಾಯಿ ತೆಗೆದುಕೊಂಡು ಹೋದರು. ಮುನಿಯಕ್ಕ ಬಗ್ಗಿ ನೋಡಿ, "ಇವೇನ್ಲಾ, ಇರುವೆ ಸಾಲು?" ಎಂದಳು. ನಾನು ನಕ್ಕೆ.

ಬಂಗಾರಪೇಟೆಯಿಂದ ಆಚೆ ಗಣಿಯನ್ನೂ ಕೋಲಾರವನ್ನೂ ಬಿಟ್ಟು ಬೇರೇನೂ ಕಾಣದ ಹೆಂಗಸು, ಆವತ್ತಿನಿಂದ ನಮ್ಮ ದಾಖಲೆಯ ಪ್ರಕಾರ ಮುಂಬಯಿಯಲ್ಲಿ ಹಡಗಿನಿಂದ ಇಳಿದು ಬಂದವಳಾದಳು.

ಎರಡು ವರ್ಷ ಕಳೆಯಿತು. ಯುದ್ಧ ಬಂತು. ಇಟಲಿ ಆಚೆ ಕಡೆ ಸೇರಿದ ಜೂನ್ ತಿಂಗಳಲ್ಲಿ ಬೆಂಗಳೂರಿನಿಂದ ಹುಕುಂ ಬಂತು: ಶತ್ರುದೇಶದವರ ಪಟ್ಟಿಯನ್ನು ಆ ದಿನವೇ ಕಳಿಸಬೇಕು. ರಿಜಿಸ್ಟರನ್ನೇ ಕಾರಿನಲ್ಲಿ ಹಾಕಿಕೊಂಡು ಹೋದರು. ಅಲ್ಲಿ ಹೊಸದಾಗಿ ಟೈಪ್‌ರೈಟರುಗಳು ಬಂದಿದ್ದವು. ಹೊಸ ವಿಧಾನದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಾರ್ಡು. ಕಾರ್ಡಿಗೆ ಮೇಲಿನ ಸಾಲು ಇರುವುದಿಲ್ಲವಲ್ಲ, ಗೀಟು ಎಳೆದರೆ ಅರ್ಥವಿಲ್ಲ. ಟೈಪಿಸ್ಟು ಗೀಟಿದ್ದ ಕಡೆಯೆಲ್ಲ ಮೇಲಿನ ಸಾಲಿನ ಮಾತನ್ನು ಪೂರ್ತಿ ಹೊಡೆದ. ಮುನಿಯಕ್ಕನ ಕಾರ್ಡು ನನ್ನ ಕೈಗೆ ಬಂದಾಗ ಅದರಲ್ಲಿ ಇಟಲಿ ಎಂದಿತ್ತು, ಹಡಗಿನ ಹೆಸರಿತ್ತು, ಮುಂಬಯಿ ಎಂದಿತ್ತು, ತಾರೀಖಿತ್ತು. ನನ್ನ ಸೋಮಾರಿತನಕ್ಕೆ ಅಚ್ಚು ಬಿದ್ದಿತ್ತು.

ಗಂಡಸರನ್ನು ಸೆರೆಶಿಬಿರಕ್ಕೆ ಸಾಗಿಸಲು ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ರೈಲಿಗೆ ಹತ್ತಿಸಿದರು. ಪೇತ್ರಪ್ಪ ಕಿಟಕಿಯಿಂದ ಕೈ ಚಾಚಿ, ಗಣಿಯಲ್ಲಿ ಕಲಿತ ತಮಿಳಿನಲ್ಲಿ, "ಮುನಿಯಮ್ಮಾ, ಎರುಮೈ ಪಾತ್ತುಕ್ಕೋ" ಎಂದ. ಎಮ್ಮೆ ನೋಡಿಕೊ ಎಂದು.

ಹೆಂಗಸರಿಗೆ ಬೇರೆ ನಿಯಮ. ಗಂಡನ ದೇಶದಿಂದಾಗಿ ಎಲ್ಲರೂ ಶತ್ರುದೇಶದವರೇ. ಆದರೆ ಇದೇ ನೆಲದಲ್ಲಿ ಹುಟ್ಟಿದವಳು ಎಂದು ತೋರಿಸಿದರೆ ಇಲ್ಲೇ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಹಡಗಿನಲ್ಲಿ ಬಂದವಳಾದರೆ ಮುಂಬಯಿ ಸೀಮೆಯ ಶಿಬಿರಕ್ಕೆ. ಎಲ್ಲವೂ ಆ ಒಂದು ಕಾಲಮ್ಮಿನ ಮೇಲೆ ನಿಂತಿತು.

ಮುನಿಯಕ್ಕ ಅರ್ಜಿ ಹಾಕಿದಳು, ನಾನೇ ಬರೆದುಕೊಟ್ಟೆ. ತೀರ್ಮಾನ ಬರುವವರೆಗೆ ಊರಿನಲ್ಲಿರಬಹುದು, ಪ್ರತಿ ಸೋಮವಾರ ನಮ್ಮ ಕಚೇರಿಗೆ ಬಂದು ಹೆಬ್ಬೆಟ್ಟು ಒತ್ತಬೇಕು ಎಂದರು. ಜೊತೆಗೆ ಇನ್ನೊಂದು ನಿಯಮ, ಶತ್ರುದೇಶದವರು ವಾಸದ ಜಾಗದಿಂದ ಐದು ಮೈಲಿ ಆಚೆ ಹೋಗಬೇಕಾದರೆ ಚೀಟಿ ಬೇಕು. ನಮ್ಮೂರಿನಿಂದ ಕಚೇರಿ ಐದು ಮೈಲಿಗಿಂತ ಬಹಳ ದೂರ, ಚೀಟಿ ಕೊಡುವುದು ಆ ಕಚೇರಿಯಲ್ಲೇ. ಅಂದರೆ ಅಪ್ಪಣೆ ಕೇಳಲು ಬರುವುದೇ ಅಪರಾಧ. ಇದನ್ನು ಹೇಳಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಿಮ್ಮ ಸರ್ಕಾರಕ್ಕೆ ತಲೆ ನೆಟ್ಗೈತೇನ್ಲಾ?" ಎಂದಳು. ನಾನು ಪ್ರತಿ ಭಾನುವಾರ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಕೊಟ್ಟುಬರುತ್ತಿದ್ದೆ. ಅದೂ ನಿಯಮಕ್ಕೆ ವಿರುದ್ಧವೇ. ಇಷ್ಟು ಮಾಡುವ ಧೈರ್ಯ ನನಗಿತ್ತು, ಇದಕ್ಕಿಂತ ಹೆಚ್ಚಿನದಿರಲಿಲ್ಲ.

ಭರ್ತಿ ಸಾಹೇಬರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಹೊಸ ಸಾಹೇಬರು ಮೈಸೂರಿನ ಕಡೆಯವರು, ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಒಂದು ನೆಪವಾದರೂ ಇರುತ್ತಿತ್ತು. ಅವರು, "ಈಕೆ ಇಲ್ಲೇ ಇದ್ದವಳು ಅನ್ನೋದಕ್ಕೆ ಕಂದಾಯದ ರಸೀದಿಗಳಿದ್ದರೆ ತರಲಿ, ನೋಡೋಣ" ಎಂದರು. ಮುನಿಯಕ್ಕ ಒಂದು ಗಂಟು ರಸೀದಿ ತಂದಳು. ಅಪ್ಪ ಸತ್ತ ಮೇಲೆ ಒಂದು ವರ್ಷವೂ ತಪ್ಪದೆ ಅವಳೇ ಕೈಯಾರೆ ಕಟ್ಟಿದ ಕಂದಾಯ. ನಾನು ಬಿಚ್ಚಿ ನೋಡಿದೆ. ಒಂದೊಂದರಲ್ಲೂ ಮುನಿಶಾಮಪ್ಪ, ಮುನಿಶಾಮಪ್ಪ, ಮುನಿಶಾಮಪ್ಪ.

ನಮ್ಮ ಸೀಮೆಯಲ್ಲಿ ಇದು ಹೊಸದೇನಲ್ಲ. ಖಾತೆ ಸತ್ತವನ ಹೆಸರಿನಲ್ಲೇ ಮಲಗಿರುತ್ತದೆ, ಮಕ್ಕಳು ಕಟ್ಟುತ್ತಾರೆ, ಶಾನುಭೋಗರು ಹಳೆಯ ಹೆಸರಿಗೇ ರಸೀದಿ ಹರಿಯುತ್ತಾರೆ. ನಮ್ಮಪ್ಪ ಕಟ್ಟುತ್ತಿದ್ದುದೂ ನಮ್ಮ ತಾತನ ಹೆಸರಿನಲ್ಲಿ. ಯಾರಿಗೂ ತೊಂದರೆಯಾದದ್ದಿಲ್ಲ, ಊರಿಗೆ ಊರೇ ಗೊತ್ತಿರುವಾಗ ಹೆಸರು ಯಾಕೆ ಬದಲಾಯಿಸಬೇಕು?

ನಾನು ಶಾನುಭೋಗರ ಜಗುಲಿಗೆ ಓಡಿದೆ. "ಸ್ವಾಮಿ, ಮುನಿಯಮ್ಮ ಈ ಊರಿನವಳು, ಕಂದಾಯ ಕಟ್ತಿರೋಳು ಅವಳೇ ಅಂತ ಎರಡು ಸಾಲು ಬರೆದುಕೊಡಿ" ಎಂದೆ. ಅವರು ನಶ್ಯದ ಡಬ್ಬಿ ತಟ್ಟಿ, "ಅಲ್ಲಯ್ಯಾ, ಕಂದಾಯ ಯಾರು ತಂದರೂ ಇಸ್ಕೋತೀನಿ. ಆದರೆ ಖಾತೇಲಿ ಇಲ್ಲದೋರನ್ನ ಊರಿನೋಳು ಅಂತ ಬರೆದುಕೊಡೋಕೆ ನಾನ್ಯಾರು? ಇದು ಯುದ್ಧದ ಕಾಲ" ಎಂದರು. ಕಚೇರಿಯಿಂದ ವಿಚಾರಣೆಯ ಕಾಗದ ಹೋದಾಗ ಅವರು ಕಳಿಸಿದ ಉತ್ತರ ಒಂದೇ ಸಾಲು: 'ಸದರಿ ಹೆಂಗಸು ಈ ಗ್ರಾಮದ ಖಾತೆದಾರಳಲ್ಲ.' ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವಳ ದಾಯಾದಿಗಳು ಆಗಲೇ ಆ ಹೊಲದ ಬದುವಿನ ಮೇಲೆ ಓಡಾಡುತ್ತಿದ್ದರು. ಆ ವರ್ಷದ ಕಂದಾಯವನ್ನೂ ಶಾನುಭೋಗರು ಅವಳಿಂದಲೇ ತೆಗೆದುಕೊಂಡರು. ತೆರಿಗೆ ಕೊಡಲು ಅವಳು ಊರಿನವಳು, ಇರಲು ಮಾತ್ರ ಅಲ್ಲ. ನನಗೆ ಇವತ್ತಿಗೂ ಅದನ್ನು ನೆನೆದರೆ ಮೈ ಉರಿಯುತ್ತದೆ.

ಹದಿನಾಲ್ಕು ತಿಂಗಳು ಕಾದಳು. ಪ್ರತಿ ಸೋಮವಾರ ಬಂದು ಹೆಬ್ಬೆಟ್ಟು ಒತ್ತಿ, ಬೆರಳನ್ನು ತಲೆಗೆ ಒರೆಸಿಕೊಂಡು, "ಬಂತೇನ್ಲಾ?" ಎನ್ನುವಳು. "ಇನ್ನೂ ಇಲ್ಲ ಅಕ್ಕಾ" ಎನ್ನುವೆ. ಒಂದು ಸಲ, "ಅಡಗು ಎಂಗಿರ್ತದ್ಲಾ, ರೈಲಿಗಿಂತ ಉದ್ದ ಇರ್ತದಾ?" ಎಂದು ಕೇಳಿದಳು. ನಾನೂ ಹಡಗು ನೋಡಿದವನಲ್ಲ.

ಕೊನೆಗೆ ಒಂದು ಸೋಮವಾರ ಸಾಹೇಬರು ಅವಳನ್ನು ಒಳಗೆ ಕರೆದರು. ಕಾರ್ಡು ಅವರ ಮುಂದಿತ್ತು. ನಾನು ಪಕ್ಕದಲ್ಲಿ ನಿಂತಿದ್ದೆ.

"ಏನಮ್ಮ, ನೀನು ಯಾವ ಹಡಗಿನಲ್ಲಿ ಬಂದೆ?"

"ನಾನಾ? ನಾನು ಬಂಗಾರಪೇಟೆಯಿಂದ ಎಂಟು ಗಂಟೆ ರೈಲ್ನಾಗೆ ಬಂದೆ ಸ್ವಾಮಿ. ದಿನಾ ಆಲು ತಕ್ಕಂಡು ಅದ್ರಾಗೇ ಬತ್ತಿದ್ದೆ."

ಸಾಹೇಬರು ಕನ್ನಡಕ ತೆಗೆದರು. "ನೋಡ್ರಿ ನಾರಾಯಣಪ್ಪ, ಈಕೆ ಇಲ್ಲಿಯವಳು ಅಂತ ನನಗೂ ಕಾಣುತ್ತೆ, ಕೇಳುತ್ತೆ. ಆದರೆ ಬೆಂಗಳೂರಿನವರಿಗೆ ಮುಖ ಕಳಿಸೋಕಾಗಲ್ಲ. ರಿಜಿಸ್ಟರಿನಲ್ಲಿ ಬರೆದದ್ದು ತಪ್ಪು ಅಂತ ಬರೆದವನೇ ರುಜು ಹಾಕಿಕೊಟ್ಟರೆ, ನಾನು ಇವತ್ತೇ ಶಿಫಾರಸು ಮಾಡ್ತೀನಿ. ಇದನ್ನು ಬರೆದವರು ಯಾರು?"

ಯುದ್ಧಕಾಲದಲ್ಲಿ ಶತ್ರುದೇಶದವರ ರಿಜಿಸ್ಟರಿನಲ್ಲಿ ಸುಳ್ಳು ದಾಖಲೆ ಎಂದರೆ ಕೆಲಸ ಹೋಗುವುದಷ್ಟೇ ಅಲ್ಲ, ಜೈಲು. ಅದೇ ತಿಂಗಳು ಪಕ್ಕದ ಕಚೇರಿಯ ಗುಮಾಸ್ತನೊಬ್ಬನನ್ನು ಇದಕ್ಕಿಂತ ಚಿಕ್ಕ ತಪ್ಪಿಗೆ ಕರೆದುಕೊಂಡು ಹೋಗಿದ್ದರು. ಮನೆಯಲ್ಲಿ ನಮ್ಮಮ್ಮ, ಮದುವೆಗೆ ಬಂದ ಇಬ್ಬರು ತಂಗಿಯರು. ಇವೆಲ್ಲ ನಿಜ. ಆದರೆ ಆ ಹೊತ್ತಿನಲ್ಲಿ ನಾನು ಇವನ್ನೆಲ್ಲ ಯೋಚಿಸಿದೆನೆಂದರೆ ಸುಳ್ಳಾಗುತ್ತದೆ. ನಾನು ಬರೀ ಹೆದರಿದೆ.

"ಹಿಂದಿನ ಗುಮಾಸ್ತರು ಸಾರ್. ಈಗಿಲ್ಲ" ಎಂದೆ.

ಮುನಿಯಕ್ಕ ನನ್ನ ಮುಖವನ್ನೇ ನೋಡಿದಳು. ಅವಳ ಕಣ್ಣೆದುರಿಗೇ, ಅವಳು ತಂದ ಕಡಲೆಕಾಯಿ ತಿನ್ನುತ್ತ ನಾನು ಬರೆದದ್ದು. ಅವಳು ಒಂದು ಮಾತು ಆಡಿದ್ದರೆ ಸಾಕಾಗಿತ್ತು. "ಏನಮ್ಮ, ನಿನಗೆ ನೆನಪಿದೆಯಾ?" ಎಂದು ಸಾಹೇಬರು ಕೇಳಿದರು.

"ನಂಗೆ ಓದು ಬರಾಕಿಲ್ಲ ಸ್ವಾಮಿ. ಯಾರು ಬರುದ್ರೋ ನಂಗೇನ್ ಗೊತ್ತು" ಎಂದಳು.

ಅರ್ಜಿ ತಳ್ಳಿಹಾಕಿದರು. ಎಂಟು ದಿನಕ್ಕೆ ಪೊಲೀಸಿನವರು ಬಂದು ಅವಳನ್ನು ಬಂಗಾರಪೇಟೆ ಸ್ಟೇಷನ್ನಿಗೆ ಕರೆತಂದರು. ಎಮ್ಮೆಗಳನ್ನು ನಮ್ಮಮ್ಮನ ಕೊಟ್ಟಿಗೆಯಲ್ಲಿ ಕಟ್ಟಿ ಬಂದಿದ್ದಳು. ನಾನು ಪ್ಲಾಟ್‌ಫಾರಮ್ಮಿನಲ್ಲಿ ತಲೆ ಬಗ್ಗಿಸಿ ನಿಂತಿದ್ದೆ. "ಅಕ್ಕಾ, ಯಾಕೆ ಹೇಳಲಿಲ್ಲ?" ಎಂದೆ.

"ಯೋಳಿದ್ರೆ ನಿಮ್ಮವ್ವ ಎಲ್ಲಿಗೋಗ್ತಿದ್ಲು? ನಿನ್ನ ಎತ್ತಿ ಆಡ್ಸಿದೋಳು ಕಣ್ಲಾ ನಾನು." ಆಮೇಲೆ ಸಿಟ್ಟು ಉಕ್ಕಿತು. "ಆದ್ರೂ ನೀನು ಯೋಳ್ತೀಯ ಅಂದ್ಕಂಡಿದ್ದೆ ಕಣೋ ನಾರಾಣಿ. ನಾನು ಬ್ಯಾಡ ಅನ್ನಾಣ ಅಂತಿದ್ದೆ, ನೀನು ಬಾಯೇ ಬಿಡ್ಲಿಲ್ಲ."

ರೈಲು ಹೊರಡುವಾಗ ಕಿಟಕಿಯಿಂದ, "ಕಂದಾಯ ಕಟ್ತಾ ಇರು. ನನ್ನೆಸ್ರಿಗೆ ಬರ್ಸು ರಸೀದಿ, ಬಂದಾಗ ತೋರ್ಸಬೇಕಲ್ಲ" ಎಂದಳು.

ಹೊಸಬರು ಕೇಳುತ್ತೀರಲ್ಲ, ನಾನು ಕಲಿತದ್ದು ಏನು ಎಂದು. ಗೊತ್ತಿಲ್ಲದ ಕಾಲಮ್ಮನ್ನು ಖಾಲಿ ಬಿಡಿ. ಬೈಸಿಕೊಳ್ಳಿ, ಬಡ್ತಿ ತಪ್ಪಲಿ. ತಪ್ಪು ಬರೆದಿದ್ದರೆ ಕೇಳಿದ ದಿನವೇ ಒಪ್ಪಿಕೊಳ್ಳಿ, ಎರಡನೆಯ ದಿನ ಅದು ಇನ್ನೊಬ್ಬರ ಬದುಕಾಗಿರುತ್ತದೆ. ಇದನ್ನು ಹೇಳುವ ಯೋಗ್ಯತೆ ನನಗಿಲ್ಲ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಎರಡು ವರ್ಷ ಕಂದಾಯ ಕಟ್ಟಿದೆ. ರಸೀದಿಯನ್ನು ಅವಳ ಹೆಸರಿಗೆ ಹರಿಯಿರಿ ಎಂದು ಶಾನುಭೋಗರನ್ನು ಅಂಗಲಾಚಿದೆ, ಅವರು ಮುನಿಶಾಮಪ್ಪ ಎಂದೇ ಬರೆದರು. ಮೂರನೆಯ ವರ್ಷ ಖಾತೆ ದಾಯಾದಿಗಳ ಹೆಸರಿಗೆ ಆಗಿದೆ, ನಿನ್ನ ಹಣ ಬೇಡ ಎಂದರು. ಅಷ್ಟು ವರ್ಷ ಬದಲಾಗದ ಖಾತೆ ಒಂದು ಮಧ್ಯಾಹ್ನದಲ್ಲಿ ಬದಲಾಗಿತ್ತು.

ಯುದ್ಧ ಮುಗಿದ ಮರುವರ್ಷ ಕಚೇರಿಗೆ ಒಂದು ಕಾಗದ ಬಂತು. ಶಿಬಿರದಲ್ಲಿದ್ದವರನ್ನು ಅವರವರ ದೇಶಕ್ಕೆ ಕಳಿಸಿಕೊಡಲಾಗಿದೆ, ರಿಜಿಸ್ಟರಿನಲ್ಲಿ ನಮೂದಿಸಬೇಕು ಎಂದು. ಪಟ್ಟಿಯಲ್ಲಿ ಪೇತ್ರಪ್ಪನ ಹೆಸರಿತ್ತು, ಅದರ ಕೆಳಗೆ ಅವಳದು. ಮುಂಬಯಿಯಿಂದ ಹಡಗಿನಲ್ಲಿ ಹೋಗಿದ್ದರು.

ಅಷ್ಟರಲ್ಲಿ ಬೆಂಗಳೂರಿನಿಂದ ಹಿಂದಕ್ಕೆ ಬಂದಿದ್ದ ಹಳೆಯ ಪುಸ್ತಕ ತೆಗೆದೆ. ಪುಟದ ಮಡಿಕೆಯಲ್ಲಿ ಒಂದು ಕಡಲೆಕಾಯಿ ಸಿಪ್ಪೆಯ ಚೂರು ಇನ್ನೂ ಇತ್ತು. ಕೊನೆಯ ಕಾಲಮ್ಮಿನಲ್ಲಿ ಪೇತ್ರಪ್ಪನ ಎದುರಿಗೆ, 'ಸ್ವದೇಶಕ್ಕೆ ಹಿಂತಿರುಗಿದರು' ಎಂದು ಬರೆದೆ. ಅವಳ ಸಾಲಿಗೆ ಬಂದಾಗ ಕೈ ನಿಂತಿತು. 'ಈಕೆ ಬಂಗಾರಪೇಟೆಯ ಹತ್ತಿರದವಳು, ನಾನು ಬಲ್ಲೆ' ಎಂದು ಬರೆಯಬೇಕು ಎಂದುಕೊಂಡೆ. ಆಗ ಬರೆದಿದ್ದರೆ ಯಾರೂ ನನ್ನನ್ನು ಜೈಲಿಗೆ ಹಾಕುತ್ತಿರಲಿಲ್ಲ. ಲೇಖನಿಯನ್ನು ಮಸಿಗೆ ಅದ್ದಿದೆ.

ಸಾಹೇಬರು ಬಾಗಿಲಿನಲ್ಲಿ ಇಣುಕಿ, "ಮುಗೀತೇನ್ರಿ ನಾರಾಯಣಪ್ಪ?" ಎಂದರು.

"ಮುಗೀತು ಸಾರ್" ಎಂದು, ಎರಡು ಗೀಟು ಎಳೆದೆ.